ಪ್ರೊಸೆಸರ್ ಬದಲಾಯಿಸಿದ್ರೂ ಪ್ಯಾರಲಲ್ ಪೋರ್ಟ್ ಯಾಕೆ ಓಡಲ್ಲ?

"ಸಾರ್, 486 ತೆಗೆದು ಪೆಂಟಿಯಂ ಹಾಕಿಸಿದ್ವಿ, ಆದ್ರೂ ಝಿಪ್ ಡ್ರೈವ್‌ನಿಂದ ಕಾಪಿ ಆಗೋದು ಅಷ್ಟೇ ನಿಧಾನ, ಡ್ರೈವ್ ಹೋಗಿದ್ಯಾ?" ನಾನು ಸರ್ವಿಸ್ ಮಾಡ್ತಿದ್ದ ಕಾಲದಲ್ಲಿ ಡಿಟಿಪಿ ಸೆಂಟರ್‌ನೋರು ಇದನ್ನ ಎಷ್ಟು ಸಲ ಕೇಳಿದಾರೋ ಲೆಕ್ಕ ಇಲ್ಲ. ಝಿಪ್ ಅಂದ್ರೆ ತೆಗೆದು ಹಾಕೋ ಡಿಸ್ಕಿನ ಡ್ರೈವು, ಅದಕ್ಕೆ ಏನೂ ಆಗಿರ್ತಿರ್ಲಿಲ್ಲ, ತಡ ಆಗ್ತಿದ್ದದ್ದು ಅದನ್ನ ಸಿಕ್ಕಿಸೋ ಪ್ಯಾರಲಲ್ ಪೋರ್ಟಲ್ಲಿ.

ಆ 25 ಪಿನ್ ಪೋರ್ಟು 1981ರ ಐಬಿಎಂ ಪಿಸಿ ಕಾಲದ್ದು, ಪ್ರಿಂಟರ್‌ಗೆ ಅಂತಾನೇ ಮಾಡಿದ್ದು. ಒಂದು ಬೈಟ್ ಕಳಿಸ್ಬೇಕು ಅಂದ್ರೆ ಸಾಫ್ಟ್‌ವೇರೇ ಎಲ್ಲಾ ಮಾಡ್ಬೇಕು, ಮೊದ್ಲು ಬಿಝಿ ಲೈನ್ (ಆ ಕಡೆ ಪುರುಸೊತ್ತಿದ್ಯಾ ಅಂತ ಹೇಳೋ ತಂತಿ) ನೋಡ್ಬೇಕು, ಡೇಟಾ ಇಡ್ಬೇಕು, ಸ್ಟ್ರೋಬ್ (ಡೇಟಾ ತಗೋ ಅನ್ನೋ ಸಿಗ್ನಲ್) ಇಳಿಸ್ಬೇಕು, ಮತ್ತೆ ಏರಿಸ್ಬೇಕು, ಅಂದ್ರೆ ಕಮ್ಮಿ ಅಂದ್ರೂ ನಾಲ್ಕು ಸಲ ಪೋರ್ಟ್ ಮುಟ್ಟಬೇಕು. ಅಷ್ಟೂ ಸಲ ಹೋಗೋದು ಐಎಸ್‌ಎ ಬಸ್ (ಪ್ರೊಸೆಸರ್‌ಗೂ ಪೋರ್ಟ್‌ಗೂ ನಡುವಿನ ಹಳೇ ದಾರಿ) ಮೇಲೆ, ಅದು ಓಡೋದೇ 8 ಮೆಗಾಹರ್ಟ್ಸ್ ಆಸುಪಾಸು, ಒಂದ್ಸಲ ಮುಟ್ಟೋಕೆ ಹತ್ತತ್ರ 1 ಮೈಕ್ರೋಸೆಕೆಂಡ್ ಬೇಕು. ಪ್ರೊಸೆಸರ್ ಎಷ್ಟೇ ಜೋರಿದ್ರೂ ಅಲ್ಲಿ ಸುಮ್ನೆ ಕಾಯ್ತಾ ಕೂರುತ್ತೆ. ಹಾಗಾಗಿ ಸೆಕೆಂಡಿಗೆ 150 ಕೆಬಿ ಸಿಕ್ಕಿದ್ರೆ ಅದೇ ಹೆಚ್ಚು.

ಓದೋದು ಇನ್ನೂ ಕಷ್ಟ. ವಾಪಸ್ ಬರೋಕೆ ಇರೋದು 5 ಸ್ಟೇಟಸ್ ಲೈನ್ ಮಾತ್ರ, ಅದ್ರಲ್ಲೇ ನಾಲ್ಕ್ ನಾಲ್ಕು ಬಿಟ್ ಮಾಡಿ ಒಂದು ಬೈಟನ್ನ ಎರಡು ಕಂತಲ್ಲಿ ತರ್ಬೇಕು, ಇದಕ್ಕೆ ನಿಬಲ್ ಮೋಡ್ ಅಂತಾರೆ, ಸೆಕೆಂಡಿಗೆ 50 ಕೆಬಿ ಅಂದ್ಕೊಳಿ. 100 ಎಂಬಿ ಝಿಪ್ ಡಿಸ್ಕ್ ಪೂರ್ತಿ ಓದೋಕೆ ಅರ್ಧ ಗಂಟೆ ಮೇಲೆ ಹೋಗುತ್ತೆ!

ಪರಿಹಾರ ಬಯೋಸ್ (ಕಂಪ್ಯೂಟರ್ ಆನ್ ಆಗೋವಾಗ ಸಿಗೋ ಸೆಟ್ಟಿಂಗ್ಸ್) ಒಳಗೇ ಇರ್ತಿತ್ತು. ಎಷ್ಟೋ ಮಿಷಿನ್‌ನಲ್ಲಿ ಪೋರ್ಟ್ ಮೋಡ್ "ನಾರ್ಮಲ್" ಅಂತಾನೇ ಬಿಟ್ಟಿರೋರು. ಅದನ್ನ ಇಪಿಪಿ (ಎನ್‌ಹಾನ್ಸ್ಡ್ ಪ್ಯಾರಲಲ್ ಪೋರ್ಟ್) ಅನ್ನೋ ಮೋಡ್‌ಗೆ ಮಾಡಿದ್ರೆ ಸ್ಟ್ರೋಬ್ ಎತ್ತಿಳಿಸೋ ಕೆಲಸನೆಲ್ಲ ಚಿಪ್ಪೇ ನೋಡ್ಕೊಳುತ್ತೆ, ಒಂದು ಬೈಟಿಗೆ ಒಂದೇ ಸಲ ಮುಟ್ಟಿದ್ರೆ ಸಾಕು, ಎರಡೂ ಕಡೆಗೂ 8 ಬಿಟ್ ಹೋಗುತ್ತೆ, 500 ಕೆಬಿಯಿಂದ ಶುರುವಾಗಿ 2 ಎಂಬಿ ಹತ್ರಕ್ಕೂ ಹೋಗ್ಬಹುದು. ಇಸಿಪಿ ಅಂತ ಇನ್ನೊಂದು ಮೋಡ್ ಇದೆ, ಎಫ್‌ಐಎಫ್‌ಓ (ಡೇಟಾ ಸಾಲಾಗಿ ಕೂಡಿಡೋ ಜಾಗ) ಮತ್ತೆ ಡಿಎಂಎ (ಪ್ರೊಸೆಸರ್ ಕೈ ಹಾಕದೆ ಡೇಟಾ ಸಾಗಿಸೋ ವ್ಯವಸ್ಥೆ) ಇಟ್ಕೊಂಡು ಕೆಲಸ ಮಾಡುತ್ತೆ, ಸ್ಕ್ಯಾನರ್, ಲೇಸರ್ ಪ್ರಿಂಟರ್‌ಗೆ ಚೆನ್ನಾಗಿರುತ್ತೆ. 1994ರಲ್ಲಿ ಐಇಇಇ 1284 ಅಂತ ಇವನ್ನೆಲ್ಲ ಒಂದೇ ಸ್ಟ್ಯಾಂಡರ್ಡ್ ಒಳಗೆ ತಂದ್ರು.

ಕೇಬಲ್ ಬಗ್ಗೆ ದಯವಿಟ್ಟು ತಾತ್ಸಾರ ಮಾಡ್ಬೇಡಿ. ಹಳೇ ಪ್ರಿಂಟರ್ ಕೇಬಲ್ ಎರಡು ಮೀಟರ್ ದಾಟಿದ್ರೆ ಇಪಿಪಿ ಸ್ಪೀಡಲ್ಲಿ ಡೇಟಾ ಕೆಡೋ ಚಾನ್ಸ್ ಜಾಸ್ತಿ, 1284 ಅಂತ ಬರೆದಿರೋದೇ ತಗೊಳಿ. ಈಗ ಸಿಗೋ ಯುಎಸ್‌ಬಿ ಕನ್ವರ್ಟರ್ ಪ್ರಿಂಟರ್‌ಗೆ ಓಕೆ, ಆದ್ರೆ 378 ಹೆಕ್ಸ್ ಅಡ್ರೆಸ್‌ಗೆ (ಪ್ಯಾರಲಲ್ ಪೋರ್ಟಿನ ವಿಳಾಸ) ನೇರವಾಗಿ ಬರೆಯೋ ಹಳೇ ಸಿಎನ್‌ಸಿ (ಕಂಪ್ಯೂಟರ್‌ನಿಂದ ಓಡೋ ಕತ್ತರಿಸೋ, ಕೊರೆಯೋ ಮಿಷಿನ್) ಸಾಫ್ಟ್‌ವೇರ್‌ಗೆ ಅದು ಕಾಣೋದೇ ಇಲ್ಲ.