‘ನೋಂದಾಯಿತ ಲೈಂಗಿಕ ಅಪರಾಧಿ’ ಅಂದರೆ ಯಾರು?

ನೋಂದಾಯಿತ ಸಂಘ, ನೋಂದಾಯಿತ ವೈದ್ಯ, ನೋಂದಾಯಿತ ಗುತ್ತಿಗೆದಾರ. ಈಗ ಇವರ ಸಾಲಿಗೆ ‘ನೋಂದಾಯಿತ ಲೈಂಗಿಕ ಅಪರಾಧಿ’ಯೂ ಬಂದು ನಿಂತಿದ್ದಾನೆ. ಅಮೆರಿಕದ ಸುದ್ದಿಯಲ್ಲಿ ಬರುವ ‘ರಿಜಿಸ್ಟರ್ಡ್ ಸೆಕ್ಸ್ ಅಫೆಂಡರ್’ ಅನ್ನೋದನ್ನು ಕನ್ನಡಕ್ಕೆ ಇಳಿಸುವವರ ಕೃಪೆ. ಈ ವಾರ ಮೂರನೇ ಸಲ ಓದಿದೆ. ಲೈಸೆನ್ಸ್ ಮಾಡಿಸಿಕೊಂಡೇ ಕಸುಬಿಗೆ ಇಳಿದವನ ಹಾಗೆ ಕೇಳಿಸುತ್ತದೆ, ಅಲ್ವಾ?

ತಪ್ಪು ಪದದ್ದಲ್ಲ. ‘ನೋಂದಣಿ’ ಮರಾಠಿಯಿಂದ ಬಂದದ್ದು. ಅಲ್ಲಿ ‘ನೋಂದ್’ ಅಂದರೆ ಬರೆದಿಟ್ಟ ದಾಖಲೆ, ಅಷ್ಟೇ. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಅನ್ನೋದು ಅದರೊಳಗಿಲ್ಲ. ಸೈಟು, ಮದುವೆ ಅಂತ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕಾದೂ ಕಾದೂ, ರಿಜಿಸ್ಟರ್ ಆಯ್ತು ಅಂದರೆ ಹಕ್ಕು ಕೈಗೆ ಬಂತು ಅಂತ ನಾವೇ ಅರ್ಥ ಹಚ್ಚಿದ್ದೇವೆ.

ಲೈಂಗಿಕ ಅಪರಾಧ ಮಾಡಿದವನ ಹೆಸರು ಸರ್ಕಾರದ ಪಟ್ಟಿಗೆ ಸೇರುವುದೇ ಈ ನೋಂದಣಿ. ಇದರಲ್ಲಿ ಕೈಗೆ ಬರೋದು ಹಕ್ಕಲ್ಲ, ಹೊರೆ. ಇಂಗ್ಲೆಂಡನ್ನೇ ನೋಡಿ. 2003ರ ಕಾನೂನಿನ ಪ್ರಕಾರ ಜೈಲಿನಿಂದ ಹೊರಬಂದ 3 ದಿನದೊಳಗೆ ಅವನೇ ಪೊಲೀಸರ ಹತ್ತಿರ ಹೋಗಿ ಹೆಸರು, ವಿಳಾಸ ಬರೆಸಬೇಕು. ಮನೆ ಬದಲಿಸಿದರೆ ಮತ್ತೆ ಹೋಗಬೇಕು. ಏನೂ ಬದಲಾಗದಿದ್ದರೂ ವರ್ಷಕ್ಕೊಮ್ಮೆ ಮುಖ ತೋರಿಸಬೇಕು. ಪಾಸ್‌ಪೋರ್ಟ್, ಬ್ಯಾಂಕ್ ಖಾತೆಯ ವಿವರವನ್ನೂ ಕೊಡಬೇಕು. ತಪ್ಪಿಸಿದರೆ 5 ವರ್ಷದವರೆಗೆ ಮತ್ತೆ ಜೈಲು.

‘ಓಹೋ, ನಮ್ಮ ರೌಡಿ ಶೀಟರ್ ಥರ’ ಅನ್ನೋರಿದ್ದಾರೆ. ಇದಂತೂ ನನಗೆ ಸಾಕಾಗಿ ಹೋಗಿದೆ. ರೌಡಿ ಶೀಟ್ ತೆರೆಯೋದು ಪೊಲೀಸರು. ಅದಕ್ಕೆ ಕೋರ್ಟಿನಲ್ಲಿ ಶಿಕ್ಷೆ ಆಗಿರಲೇಬೇಕು ಅಂತಿಲ್ಲ. ಇನ್ಸ್‌ಪೆಕ್ಟರ್ ಪರೇಡ್‌ಗೆ ಕರೆದಾಗ ಬಂದು ಸಾಲಿನಲ್ಲಿ ನಿಂತರೆ ಆಯ್ತು. ಇಂಗ್ಲೆಂಡಿನಲ್ಲಿ ಹಾಗಲ್ಲ. ಅಪರಾಧ ಸಾಬೀತಾಗಿರಬೇಕು, ಇಲ್ಲವೇ ಅವನೇ ಒಪ್ಪಿಕೊಂಡಿರಬೇಕು. ಆಮೇಲೆ ಯಾರೂ ಕರೆಯದಿದ್ದರೂ ತಾರೀಕು ನೆನಪಿಟ್ಟು ಹೋಗೋದು ಅವನ ತಲೆನೋವು. ಕಾಲಿಗೆ ಜಿಪಿಎಸ್ ಪಟ್ಟಿ ಕಟ್ಟುವುದು, ಪ್ರೊಬೇಷನ್ ಅಧಿಕಾರಿಯ ನಿಗಾ, ಇವೆಲ್ಲ ಬೇರೆಯೇ ಏರ್ಪಾಡು. ನೋಂದಣಿ ಆದವರಿಗೆಲ್ಲ ಅವು ಇರಲ್ಲ.

ಇನ್ನು ಆ ಪಟ್ಟಿಯನ್ನು ಯಾರು ನೋಡಬಹುದು? ಅಮೆರಿಕದಲ್ಲಿ 1996ರ ‘ಮೇಗನ್ಸ್ ಲಾ’ ಬಂದ ಮೇಲೆ ಊರಿಗೆಲ್ಲ ತಿಳಿಸುವ ದಾರಿ ತೆರೆಯಿತು. ಅಲ್ಲಿ ಬಾಡಿಗೆ ಮನೆ ಹುಡುಕುವ ನಮ್ಮವರೂ ಆ ಪಟ್ಟಿಯ ವೆಬ್‌ಸೈಟಿನಲ್ಲಿ ಮ್ಯಾಪ್ ತೆಗೆದು, ಅಂಥವನ ಮನೆ ತೋರಿಸುವ ಚುಕ್ಕೆ ಬೀದಿಯಲ್ಲಿ ಇದೆಯಾ ಅಂತ ನೋಡ್ತಾರೆ. ಇಂಗ್ಲೆಂಡಿನಲ್ಲಿ ಪಟ್ಟಿ ಪೊಲೀಸರ ಹತ್ತಿರವೇ ಇರುತ್ತದೆ. ಮಗುವಿನ ಹತ್ತಿರ ಓಡಾಡುವ ಇಂಥವರ ಬಗ್ಗೆ ಅನುಮಾನ ಅಂತ ತಾಯಿ ತಂದೆ ಕೇಳಬಹುದು. ತಿಳಿಸಬೇಕೋ ಬೇಡವೋ ಅಂತ ಪೊಲೀಸರೇ ತೀರ್ಮಾನಿಸುತ್ತಾರೆ.

ಭಾರತದಲ್ಲೂ 2018ರಲ್ಲಿ ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ಡೇಟಾಬೇಸ್ ಶುರುವಾಯಿತು. ಮೊದಲ ದಿನವೇ 4 ಲಕ್ಷಕ್ಕೂ ಜಾಸ್ತಿ ದಾಖಲೆಗಳಿದ್ದವು. ಅದು ತನಿಖೆ ಮಾಡುವವರ ಕಣ್ಣಿಗೆ ಮಾತ್ರ. ಇಲ್ಲಿ ಬಿಡುಗಡೆಯಾದವನು ಸುಮ್ನೆ ಮನೆಗೆ ಹೋಗುತ್ತಾನೆ. ಅವನ ಹೆಸರನ್ನು ಪೊಲೀಸರೇ ಏರಿಸಿರುತ್ತಾರೆ. ಹಾಗಾಗಿ ಇಲ್ಲಿನ ಸುದ್ದಿಗೆ ‘ನೋಂದಾಯಿತ’ ಹಚ್ಚುವುದು ಶುದ್ಧ ತಪ್ಪು. ಅಲ್ಲಿನ ಸುದ್ದಿಗೆ ‘ಪೊಲೀಸ್ ಪಟ್ಟಿಯಲ್ಲಿರುವ ಲೈಂಗಿಕ ಅಪರಾಧಿ’ ಅಂತ ಬರೆಯಿರಿ. ಹೆಡ್‌ಲೈನ್ ಸ್ವಲ್ಪ ಉದ್ದ ಆಗುತ್ತದೆ, ಆಗಲಿ ಬಿಡಿ.