ಸ್ಟಾಫ್ ಮೀಟಿಂಗಿನಲ್ಲಿ ಪಾಠದ ಮಾತು ಬರುತ್ತದಾ?

ಒಂದು ಶಾಲೆಯಲ್ಲಿ ಕಲಿಕೆ ಹೇಗೆ ನಡೆದಿದೆ ಎಂದು ತಿಳಿಯಬೇಕಾದರೆ ಅಲ್ಲಿನ ಸ್ಟಾಫ್ ಮೀಟಿಂಗಿನಲ್ಲಿ ಅರ್ಧ ಗಂಟೆ ಕೂತರೆ ಸಾಕು. ಮುಖ್ಯ ಶಿಕ್ಷಕರ ಜೊತೆ ಕೆಲಸ ಮಾಡುವ ನಾನು ಮೊದಲು ನೋಡುವುದು ಅದನ್ನೇ. ಸುತ್ತೋಲೆ ಓದುತ್ತಾರೆ. ಪರೀಕ್ಷೆಯ ವೇಳಾಪಟ್ಟಿ, ವಾರ್ಷಿಕೋತ್ಸವ, ಯಾರ ಸಿಲಬಸ್ ಎಲ್ಲಿಗೆ ಬಂತು ಎಂಬ ವಿಚಾರಣೆ. ಎಲ್ಲ ಬೇಕಾದದ್ದೇ. ಆದರೆ, "ಭಿನ್ನರಾಶಿ ಪಾಠ ಮಾಡಿದೆ, ಅರ್ಧ ಮಕ್ಕಳಿಗೆ ಅರ್ಥವೇ ಆಗಲಿಲ್ಲ, ನೀವು ಹೇಗೆ ಮಾಡ್ತೀರಿ?" ಎಂದು ಯಾರಾದರೂ ಕೇಳುತ್ತಾರಾ? ಬಹಳ ಕಡೆ ಇಲ್ಲ. ಕೇಳಿದರೆ ಪಾಠ ಮಾಡಲು ಬರುವುದಿಲ್ಲ ಎಂದುಕೊಂಡಾರು ಎಂಬ ಭಯ. ಈ ಭಯ ಕಳೆಯುವುದೇ ಮುಖ್ಯ ಶಿಕ್ಷಕರ ಮೊದಲ ಕೆಲಸ. ಕಟ್ಟಡ, ಸ್ಮಾರ್ಟ್ ಬೋರ್ಡ್ ಎಲ್ಲ ಆಮೇಲೆ.

ಅದಕ್ಕೆ ಅವರೇ ಮೊದಲು ಎಲ್ಲರೆದುರು ಕಲಿಯಬೇಕು. ನ್ಯೂಜಿಲೆಂಡಿನ ಶಿಕ್ಷಣ ಸಂಶೋಧಕಿ ವಿವಿಯನ್ ರಾಬಿನ್ಸನ್ ಮತ್ತು ಸಂಗಡಿಗರು 2008ರಲ್ಲಿ ಹಿಂದಿನ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು, ಶಾಲಾ ನಾಯಕತ್ವದ ಐದು ಬಗೆಯ ಕೆಲಸಗಳನ್ನು ಹೋಲಿಸಿದರು. ಗುರಿ ಹಾಕುವುದು, ಸಂಪನ್ಮೂಲ ಹೊಂದಿಸುವುದು, ಬೋಧನೆಯ ಮೇಲ್ವಿಚಾರಣೆ, ಶಿಸ್ತಿನ ವಾತಾವರಣ, ಇವೆಲ್ಲಕ್ಕಿಂತ ಮಕ್ಕಳ ಕಲಿಕೆಗೆ ಜಾಸ್ತಿ ನೆರವಾದದ್ದು ಇನ್ನೊಂದು: ಶಿಕ್ಷಕರ ಕಲಿಕೆಗೆ ಒತ್ತಾಸೆಯಾಗಿ ನಿಂತು, ತಾವೂ ಅದರಲ್ಲಿ ಪಾಲ್ಗೊಳ್ಳುವುದು. ತರಬೇತಿ ಏರ್ಪಡಿಸಿ, ಎರಡು ಮಾತಾಡಿ, ತಮ್ಮ ಕೋಣೆಗೆ ಹೋಗಿಬಿಟ್ಟರೆ ಪಾಲ್ಗೊಂಡಂತೆ ಆಗುವುದಿಲ್ಲ ಅಲ್ವಾ?

ನಾನು ಹೇಳುವ ಮೊದಲ ಹೆಜ್ಜೆ ಚಿಕ್ಕದು. ವಾರಕ್ಕೊಂದು ಪಿರಿಯಡ್ ನೀವೇ ಪಾಠ ಮಾಡಿ. ಇಬ್ಬರು ಶಿಕ್ಷಕರನ್ನು ಹಿಂದಿನ ಬೆಂಚಿಗೆ ಕರೆಯಿರಿ. ನೋಡಲು ಅವರಿಗೆ ಒಂದೇ ವಿಷಯ ಕೊಡಿ. ಉದಾಹರಣೆಗೆ, ಪ್ರಶ್ನೆ ಕೇಳಿದ ಮೇಲೆ ನೀವು ಎಷ್ಟು ಹೊತ್ತು ಕಾಯುತ್ತೀರಿ? ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ 1970ರ ದಶಕದಲ್ಲಿ ಇದನ್ನೇ ಅಳೆದರು. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡ್ ಕೂಡ ಕಾಯುತ್ತಿರಲಿಲ್ಲ. 3 ಸೆಕೆಂಡ್ ಅಥವಾ ಹೆಚ್ಚು ಕಾದಾಗ ಉತ್ತರಗಳು ಉದ್ದವಾದವು, ಸುಮ್ನೆ ಕೂತಿರುತ್ತಿದ್ದ ಮಕ್ಕಳೂ ಮಾತಾಡಿದರು. 3 ಸೆಕೆಂಡ್ ಮೌನ ಎಷ್ಟು ಕಷ್ಟ ಎಂಬುದು ಪ್ರಯತ್ನಿಸಿದವರಿಗೇ ಗೊತ್ತು. ಮುಖ್ಯ ಶಿಕ್ಷಕರೇ ಅದರಲ್ಲಿ ತಡವರಿಸುವುದನ್ನು ಕಂಡ ಶಿಕ್ಷಕಿ, ಮುಂದಿನ ವಾರ ತನ್ನ ತರಗತಿಯ ಬಾಗಿಲು ತೆರೆಯಲು ಅಷ್ಟೊಂದು ಹಿಂಜರಿಯುವುದಿಲ್ಲ.

ಪಾಠ ಮುಗಿದ ಮೇಲೆ ಮಾತು ಮಕ್ಕಳ ಬಗ್ಗೆಯೇ ಇರಲಿ. ಯಾರು ಎಲ್ಲಿ ಎಡವಿದರು? ಕೊನೆಯ ಸಾಲಿನ ಹುಡುಗಿ ಏನು ಬರೆದಳು? ಜಪಾನಿನಲ್ಲಿ ನೂರಕ್ಕೂ ಹೆಚ್ಚು ವರ್ಷಗಳಿಂದ ಇಂಥ ಪದ್ಧತಿಯಿದೆ. ಶಿಕ್ಷಕರು ಸೇರಿ ಒಂದು ಪಾಠ ಯೋಜಿಸುತ್ತಾರೆ, ಒಬ್ಬರು ಮಾಡುತ್ತಾರೆ, ಉಳಿದವರು ಮಕ್ಕಳನ್ನು ಗಮನಿಸುತ್ತಾರೆ. ಪಾಠ ಎಲ್ಲರದ್ದೂ ಆಗಿರುವುದರಿಂದ ತಪ್ಪೂ ಒಬ್ಬರ ತಲೆಗೆ ಬರುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಹೀಗೆ ನೋಡಿ ಬರೆದ ಟಿಪ್ಪಣಿ ಶಿಕ್ಷಕರ ವಾರ್ಷಿಕ ಮೌಲ್ಯಮಾಪನದ ಫೈಲಿಗೆ ಹೋಗಲೇಬಾರದು. ಒಮ್ಮೆ ಹೋಯಿತು ಎಂದು ಗೊತ್ತಾದರೆ, ಮುಂದಿನ ಸಲ ಎಲ್ಲರೂ ಮೊದಲೇ ಅಭ್ಯಾಸ ಮಾಡಿಸಿದ ಪಾಠವನ್ನೇ ತೋರಿಸುತ್ತಾರೆ. ಆ ನಂಬಿಕೆ ಮತ್ತೆ ಕಟ್ಟಲು ವರ್ಷಗಳೇ ಬೇಕಾಗುತ್ತವೆ. ಮೌಲ್ಯಮಾಪನ ಬೇಕೇ ಬೇಕು, ಅದನ್ನು ಬೇರೆ ದಿನ, ಮೊದಲೇ ಹೇಳಿ ಮಾಡಿ.

ಸಮಯ ಎಲ್ಲಿದೆ ಎಂದು ಎಲ್ಲರೂ ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಸುತ್ತೋಲೆಗಳನ್ನು ಮೊಬೈಲಿಗೆ ಕಳಿಸಿ. ಮೀಟಿಂಗಿನ ಮೊದಲ ಅರ್ಧವನ್ನು ಪಾಠಕ್ಕೆ ಬಿಡಿ, ಕೊನೆಯ ಅರ್ಧವನ್ನಲ್ಲ. ಕೊನೆಗೆ ಇಟ್ಟದ್ದು ಯಾವಾಗಲೂ ಮುಂದಕ್ಕೆ ಹೋಗುತ್ತದೆ. ಎಲ್ಲರೂ ಮಕ್ಕಳ ನಾಲ್ಕೈದು ನೋಟ್‌ಬುಕ್ ತರಲಿ, ಅವನ್ನೇ ಮೇಜಿನ ಮೇಲೆ ತೆರೆದಿಟ್ಟು ಮಾತಾಡಿ. ಒಲ್ಲದ ಹಿರಿಯ ಶಿಕ್ಷಕರನ್ನು ಮೊದಲ ಟರ್ಮಿನಲ್ಲಿ ಬಲವಂತ ಮಾಡಬೇಡಿ. ಆಸಕ್ತಿಯಿರುವ ಇಬ್ಬರು ಮೂವರಿಂದ ಶುರು ಮಾಡಿ, ಅವರ ವೇಳಾಪಟ್ಟಿಯಲ್ಲಿ ಒಂದು ಪಿರಿಯಡ್ ಬಿಡುವು ಮಾಡಿಕೊಡಿ. ಆ ಪಿರಿಯಡ್ಡಿಗೆ ಬದಲಿ ಶಿಕ್ಷಕರು ಸಿಗದಿದ್ದರೆ ನೀವೇ ಹೋಗಿ.