ಟೆಸ್ಟ್ ಇದೆ ಅಂತ ಊಟ ಬಿಡಬೇಡಿ, ಅಮಲಾ (ಟಿಬೆಟನ್ ಭಾಷೇಲಿ ಅಮ್ಮಾ)

ಫೆಬ್ರವರಿ, ಮಾರ್ಚ್ ಬಂತು ಅಂದ್ರೆ ಬೈಲಕುಪ್ಪೆ ಕಡೆಯಿಂದ ಬರೋ ಟಿಬೆಟನ್ ಹಿರಿಯರ ರಿಪೋರ್ಟಲ್ಲಿ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಫಾಸ್ಟಿಂಗ್ ಶುಗರ್ 112, ಎಚ್‌ಬಿಎ1ಸಿ, ಅಂದ್ರೆ ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಟೆಸ್ಟ್, 9.4. ಆ 112 ತೋರಿಸಿ ನಗ್ತಾರೆ, ಎರಡನೇ ಸಾಲು ನಾನು ಓದಿದ ಕೂಡ್ಲೇ ಮುಖ ಸಪ್ಪಗಾಗುತ್ತೆ. ವಿಚಾರಿಸಿದ್ರೆ ಟೆಸ್ಟ್ ಇದೆ ಅಂತ ಹಿಂದಿನ ಎರಡು ದಿನ ಊಟಾನೇ ಸರಿಯಾಗಿ ಮಾಡಿರಲ್ಲ.

ಎಷ್ಟು ಸಲ ಹೇಳಿದ್ರೂ ಸಾಲಲ್ಲ, ಇನ್ನೊಂದ್ಸಲ ಹೇಳ್ತೀನಿ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತೆ, ಅಷ್ಟೂ ದಿನ ರಕ್ತದಲ್ಲಿರೋ ಸಕ್ಕರೆ ಅದರೊಳಗಿನ ಹಿಮೋಗ್ಲೋಬಿನ್‌ಗೆ ಅಂಟ್ಕೊಳ್ತಾ ಹೋಗುತ್ತೆ, ಅಂಟಿದ್ದು ಆ ಕಣ ಸಾಯೋವರೆಗೂ ಬಿಡಲ್ಲ. ಎರಡು ದಿನ ಉಪವಾಸ ಇದ್ರೆ ಅದೇನೂ ಉದುರಿ ಹೋಗಲ್ಲ. 9.4 ಅಂದ್ರೆ ಕಳೆದ ಎರಡು ಮೂರು ತಿಂಗಳು ಶುಗರ್ ಸರಾಸರಿ 220ರ ಆಸುಪಾಸು ಓಡಾಡಿದೆ ಅಂತ. ನೀವೇ ಸ್ವೆಟರ್ ವ್ಯಾಪಾರ ಮಾಡೋರು, ಕೊನೇ ದಿನದ ಗಲ್ಲಾ ನೋಡಿ ಇಡೀ ಸೀಸನ್ ಲಾಭ ಬಂತು ಅಂತೀರಾ? ಸಾಲಕ್ಕೆ ಸ್ವೆಟರ್ ಕೊಟ್ಟ ಲೂಧಿಯಾನದವರ ಬಾಕಿ ತೀರಿಸೋದು ಸೀಸನ್ ಲೆಕ್ಕ ನೋಡ್ಕೊಂಡು ತಾನೇ?

ನನಗೆ ನಿಜವಾಗ್ಲೂ ಭಯ ಆಗೋದು ಬೇರೆ ವಿಷಯಕ್ಕೆ. ಊಟ ಬಿಡ್ತಾರೆ, ಆದ್ರೆ ಶುಗರ್ ಇಳಿಸೋ ಗ್ಲಿಮಿಪಿರೈಡ್ ಮಾತ್ರೆ ಮಾತ್ರ ನಿಷ್ಠೆಯಿಂದ ನುಂಗ್ತಾರೆ. ಹೊಟ್ಟೇಲಿ ಅನ್ನ ಇದ್ಯೋ ಇಲ್ವೋ ಆ ಮಾತ್ರೆ ಇನ್ಸುಲಿನ್ ಸುರಿಸುತ್ತೆ, ಶುಗರ್ 50ಕ್ಕೆ ಇಳಿದು ಬೆವರು, ನಡುಕ, ಕೆಲವರಿಗೆ ಪ್ರಜ್ಞೆನೇ ಹೋಗುತ್ತೆ. ಒಬ್ಬರೇ ಇರೋ ಮನೇಲಿ ಹಾಗಾದ್ರೆ ನೋಡೋರು ಯಾರು?

ಬಹಳ ಮನೆಗಳಲ್ಲಿ ಈಗ ಹಿರಿಯರು ಒಬ್ಬರೇ. ಮಕ್ಕಳು ಟೊರೊಂಟೋದಲ್ಲಿ, ನ್ಯೂಯಾರ್ಕಲ್ಲಿ. ಒಬ್ಬರು ಅಮಲಾನ ಯಾಕಮ್ಮಾ ಹಿಂಗೆ ಮಾಡ್ತೀರಿ ಅಂತ ಸ್ವಲ್ಪ ಜೋರಾಗೇ ಕೇಳ್ದೆ. ಮಗ ವಿಡಿಯೋ ಕಾಲಲ್ಲಿ ಶುಗರ್ ಎಷ್ಟು ಅಂತ ಕೇಳ್ತಾನೆ, ಜಾಸ್ತಿ ಅಂದ್ರೆ ಅವನು ಅಲ್ಲಿ ನಿದ್ದೆ ಮಾಡಲ್ಲ ಅಂದ್ರು, ಅದೂ ನಮ್ಮ ಕಡೆ ಕನ್ನಡದಲ್ಲೇ. ಬೈಯೋಕೆ ಬಾಯಿ ಬರ್ಲಿಲ್ಲ. ಮಕ್ಕಳಿಗೆ ನಾನು ಹೇಳೋದು, ದಯವಿಟ್ಟು ಆ ಒಂದು ನಂಬರ್ ಕೇಳೋದು ಬಿಡಿ, ರಾತ್ರಿ ಏನು ಊಟ ಮಾಡಿದ್ರಿ, ಮಾತ್ರೆ ಇನ್ನೆಷ್ಟು ದಿನಕ್ಕಿದೆ, ಕಾಲಲ್ಲಿ ಗಾಯ ಇದ್ಯಾ ಅಂತ ಕೇಳಿ.

ಸೀಸನ್‌ನಲ್ಲಿ ಶುಗರ್ ಏರೋದು ಯಾಕೆ ಅಂತ ನಂಗೂ ಗೊತ್ತು. ಅಕ್ಟೋಬರಿಂದ ಜನವರಿವರೆಗೆ ಯಾವುದೋ ಊರಿನ ಫುಟ್‌ಪಾತಲ್ಲಿ ಸ್ವೆಟರ್ ಮಾರ್ತಾ ಕೂತಲ್ಲೇ ಕೂತಿರಬೇಕು, ಸಿಹಿ ಟೀ, ಸಮೋಸ, ರಾತ್ರಿ ಲೇಟಾಗಿ ಊಟ, ಮಾತ್ರೆ ಮಧ್ಯದಲ್ಲೇ ಖಾಲಿ. ವಾಪಸ್ ಬಂದ ಮೇಲೆ ಟಿಬೆಟನ್ ಹೊಸವರ್ಷದ ಲೋಸರ್ ಹಬ್ಬ, ಮನೆಮನೇಲೂ ಖಾಪ್ಸೆ ಅನ್ನೋ ಕರಿದ ತಿಂಡಿ. 1960ರ ದಶಕದಲ್ಲಿ ಇಲ್ಲಿ ಕಾಡು ಕಡಿದು ಮೆಕ್ಕೆಜೋಳ ಬೆಳೆದವರು ಇವ್ರು, ಟಿಬೆಟ್ಟಿನ ತಮ್ಮ ಊರಲ್ಲಿ ತ್ಸಾಂಪಾ (ಹುರಿದ ಬಾರ್ಲಿ ಹಿಟ್ಟು) ತಿಂತಿದ್ದೋರು, ಈಗ ಮೂರು ಹೊತ್ತೂ ಬಿಳಿ ಅನ್ನ, ಮೈದಾ. ಹಬ್ಬಕ್ಕೆ ಖಾಪ್ಸೆ ತಿನ್ನಲೇಬೇಡಿ ಅಂತ ನಾನ್ಯಾವತ್ತೂ ಹೇಳಿಲ್ಲ.

ಒಂದು ಎಚ್ಚರಿಕೆ ಮಾತ್ರ. ರಕ್ತಹೀನತೆ, ಕಿಡ್ನಿ ತೊಂದರೆ ಇರೋರಲ್ಲಿ ಎಚ್‌ಬಿಎ1ಸಿ ಕೂಡ ದಾರಿ ತಪ್ಪಿಸಬಹುದು, ಅದಕ್ಕೇ ಹಿಮೋಗ್ಲೋಬಿನ್ನೂ ನೋಡ್ತೀವಿ. ಗುರಿನೂ ಎಲ್ಲರಿಗೂ ಒಂದೇ ಅಲ್ಲ, ಬಹಳಷ್ಟು ಜನಕ್ಕೆ 7ರ ಹತ್ರ ಇರ್ಲಿ ಅಂತೀವಿ, ವಯಸ್ಸಾಗಿ ಒಬ್ಬರೇ ಇರೋರಿಗೆ 8 ಆದ್ರೂ ಪರವಾಗಿಲ್ಲ ಅನ್ನಬಹುದು.

ಹಾಗಾಗಿ ಸೀಸನ್‌ಗೆ ಹೊರಡೋ ಮುಂಚೆ, ಸೆಪ್ಟೆಂಬರಲ್ಲೇ ಬನ್ನಿ. ನಾಲ್ಕು ತಿಂಗಳ ಮಾತ್ರೆ ಬರೆದುಕೊಡೋಣ, ಊಟ ತಪ್ಪಿದ ದಿನ ಯಾವುದನ್ನ ಬಿಡಬೇಕು ಅಂತ ಚೀಟೀಲಿ ಗುರುತು ಹಾಕೋಣ, ಇನ್ಸುಲಿನ್ ತಗೊಳ್ಳೋರು ಅದನ್ನ ಬಿಸಿಲಲ್ಲಿರೋ ಬಟ್ಟೆ ಮೂಟೆ ಒಳಗೆ ಮಾತ್ರ ಇಡಬೇಡಿ. ಟೆಸ್ಟ್ ಹಿಂದಿನ ರಾತ್ರಿ ಎಂದಿನ ಹಾಗೆ ತುಕ್ಪಾನೋ (ನೂಡಲ್ಸ್ ಸೂಪ್) ಅನ್ನಾನೋ ತಿಂದು, ಬೆಳಿಗ್ಗೆ ಖಾಲಿ ಹೊಟ್ಟೇಲಿ ಬನ್ನಿ, ಶುಗರ್ ಮಾತ್ರೆ ಜೇಬಲ್ಲಿರಲಿ, ರಕ್ತ ಕೊಟ್ಟಾದ ಮೇಲೆ ತಿಂಡಿ ಜೊತೆ ತಗೊಳ್ಳಿ. 240 ಬಂದ್ರೂ ನಾನು ಬೈಯಲ್ಲ.